ಅಡುಗೆ ಭಟ್ಟರ ನಂಬರ್ ಮತ್ತು ಲಿಂಕ್ಡ್‌ಇನ್ ಪ್ರೊಫೈಲ್

ಮದುವೆ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯುವಾಗ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: "ಅಡುಗೆಯವರು ಯಾರು? ನಂಬರ್ ಇದೆಯಾ?" ಮುಂದಿನ ತಿಂಗಳು ಅವರ ಮನೆಯಲ್ಲೂ ಉಪನಯನವೋ ಗೃಹಪ್ರವೇಶವೋ ಇರುತ್ತದೆ. ಅವರು ಭಟ್ಟರ ಬೋರ್ಡ್ ನೋಡಿಲ್ಲ, ವಿಸಿಟಿಂಗ್ ಕಾರ್ಡ್ ನೋಡಿಲ್ಲ. ನೋಡಿದ್ದು ಇಷ್ಟೇ: ಕೊನೆ ಪಂಕ್ತಿಗೂ ಸಾರು ಬಿಸಿ ಇತ್ತು, ಹೋಳಿಗೆ ಖಾಲಿಯಾಗಿರಲಿಲ್ಲ. ಮೊದಲ ಪಂಕ್ತಿಗೆ ಚೆನ್ನಾಗಿ ಬಡಿಸೋದು ಯಾರಿಗಾದರೂ ಆಗುತ್ತದೆ. ಎಂಟುನೂರು ಎಲೆ ಎದ್ದ ಮೇಲೆ ಕೂತವರಿಗೂ ಅದೇ ಸಾರು ಸಿಕ್ಕಿತು ಅಂದರೆ, ಆ ಭಟ್ಟರಿಗೆ ಲೆಕ್ಕ ಗೊತ್ತಿದೆ ಅಂತ ಅರ್ಥ. ಇದನ್ನು ನಾಟಕ ಮಾಡಿ ತೋರಿಸೋಕೆ ಆಗಲ್ಲ.

ಕೆಲಸ, ಕಸುಬಿನ ಪರಿಚಯಗಳಿಗೆಂದೇ ಇರುವ ಜಾಲತಾಣ ಲಿಂಕ್ಡ್‌ಇನ್‌ನಲ್ಲಿ 'ಪರ್ಸನಲ್ ಬ್ರ್ಯಾಂಡ್' ಕಟ್ಟೋದು ಹೇಗೆ ಅಂತ ಕೇಳಿದವರಿಗೆಲ್ಲ ನಾನು ಮೊದಲು ಈ ಕೊನೆ ಪಂಕ್ತಿಯ ಸಾರಿನ ಮಾತೇ ಹೇಳುವುದು. 'ಪರ್ಸನಲ್ ಬ್ರ್ಯಾಂಡ್' ಅನ್ನೋ ಮಾತು ನನಗೆ ಅಷ್ಟು ಇಷ್ಟವಿಲ್ಲ. ಮನುಷ್ಯರು ಸೋಪಲ್ಲ, ಬ್ರ್ಯಾಂಡ್ ಆಗೋಕೆ. 1997ರಲ್ಲಿ ಟಾಮ್ ಪೀಟರ್ಸ್ ಎಂಬ ಅಮೆರಿಕದ ಮ್ಯಾನೇಜ್‌ಮೆಂಟ್ ಬರಹಗಾರ 'ಫಾಸ್ಟ್ ಕಂಪನಿ' ಪತ್ರಿಕೆಯಲ್ಲಿ "ನೀವೇ ಒಂದು ಬ್ರ್ಯಾಂಡ್" ಎಂಬ ಅರ್ಥದ ಲೇಖನ ಬರೆದ ಮೇಲೆ ಈ ಮಾತು ಹರಡಿತು. ನಮ್ಮಲ್ಲಿ ಇದಕ್ಕೆ ಮೊದಲಿಂದಲೂ ಒಂದು ಪದ ಇದೆ, 'ಹೆಸರು'. "ಅವರಿಗೆ ಆ ಕೆಲಸದಲ್ಲಿ ಹೆಸರಿದೆ" ಅಂತೀವಲ್ಲ, ಅದೇ.

ಹೆಸರು ಅನ್ನೋದು ಮೊದಲು ಊರೊಳಗೆ, ಕೇರಿಯೊಳಗೆ ಇರುತ್ತಿತ್ತು. ಈಗ ನಿಮ್ಮ ಮುಖ ನೋಡದವರು, ನಿಮ್ಮ ಅಡುಗೆ ಉಣ್ಣದವರು, ಪರದೆ ಮೇಲೆ ಎರಡು ಸಾಲು ನೋಡಿ ನಂಬಬೇಕೋ ಬೇಡವೋ ಅಂತ ತೀರ್ಮಾನಿಸುತ್ತಾರೆ. 2003ರ ಮೇ ತಿಂಗಳಲ್ಲಿ ಶುರುವಾದ ಲಿಂಕ್ಡ್‌ಇನ್ ಅನ್ನು 2016ರಲ್ಲಿ ಮೈಕ್ರೋಸಾಫ್ಟ್ 2,600 ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟು ಕೊಂಡಿತು. 2023ರಲ್ಲಿ ಅದರ ಸದಸ್ಯರ ಸಂಖ್ಯೆ 100 ಕೋಟಿ ಮುಟ್ಟಿತು. ಭಾರತದಲ್ಲೇ 10 ಕೋಟಿ ದಾಟಿದ್ದಾರೆ, ಅಮೆರಿಕ ಬಿಟ್ಟರೆ ನಾವೇ ಜಾಸ್ತಿ. ಇಷ್ಟು ಜನ ಒಂದೇ ಪಂಕ್ತಿಯಲ್ಲಿ ಕೂತು ಎಲ್ಲರೂ "ನಾನು ತುಂಬಾ ಒಳ್ಳೆಯ ಅಡುಗೆಯವನು" ಅಂತ ಕೂಗಿದರೆ ಯಾರನ್ನು ನಂಬೋದು?

ಸುಳ್ಳು ಹೇಳೋಕೆ ಕಷ್ಟವಾದ ಮಾತು

ಈ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ ಒಂದು ಒಳ್ಳೆಯ ಉತ್ತರ ಇದೆ. 1973ರಲ್ಲಿ ಮೈಕೆಲ್ ಸ್ಪೆನ್ಸ್ ಅನ್ನುವವರು ಕೆಲಸದ ಮಾರುಕಟ್ಟೆ ಬಗ್ಗೆ ಒಂದು ಪ್ರಬಂಧ ಬರೆದರು. ಅದರ ತಿರುಳು ಇದು. ಕೆಲಸ ಕೊಡುವವರಿಗೆ ಎದುರು ಕೂತವರ ಯೋಗ್ಯತೆ ಕಣ್ಣಿಗೆ ಕಾಣಿಸುವುದಿಲ್ಲ. ಅವರು ಏನಾದರೂ ಗುರುತು ಹುಡುಕುತ್ತಾರೆ. ಆ ಗುರುತಿಗೆ ಬೆಲೆ ಬರುವುದು ಯಾವಾಗ? ಯೋಗ್ಯರಿಗೆ ಅದನ್ನು ತೋರಿಸುವುದು ಸುಲಭವಾಗಿದ್ದು, ಯೋಗ್ಯರಲ್ಲದವರಿಗೆ ದುಬಾರಿಯಾಗಿದ್ದಾಗ. ಇಬ್ಬರೂ ಒಂದೇ ಖರ್ಚಿನಲ್ಲಿ ತೋರಿಸಬಹುದಾದರೆ ಆ ಗುರುತು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸ್ಪೆನ್ಸ್ ಅವರಿಗೆ 2001ರಲ್ಲಿ ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಈ ಒಂದು ಅಳತೆಗೋಲು ಕೈಯಲ್ಲಿದ್ದರೆ ಲಿಂಕ್ಡ್‌ಇನ್ ಅರ್ಧಕ್ಕರ್ಧ ಅರ್ಥವಾಗುತ್ತದೆ. "ಪ್ಯಾಷನೇಟ್", "ರಿಸಲ್ಟ್ ಓರಿಯೆಂಟೆಡ್", "ಲೈಫ್‌ಲಾಂಗ್ ಲರ್ನರ್" ಅಂತ ಟೈಪ್ ಮಾಡೋಕೆ ಕೆಲಸ ಬಲ್ಲವರಿಗೂ ಎರಡೇ ಸೆಕೆಂಡು, ಬಾರದವರಿಗೂ ಎರಡೇ ಸೆಕೆಂಡು. ಹಾಗಾಗಿ ಆ ಪದಗಳಿಗೆ ಬೆಲೆ ಸೊನ್ನೆ. ಅದು ಸುಳ್ಳು ಅಂತಲ್ಲ. ನಿಜವಾಗಿದ್ದರೂ ನಿಜ ಅಂತ ಗೊತ್ತಾಗೋಕೆ ದಾರಿ ಇಲ್ಲ, ಅಷ್ಟೇ. ಎಐ ಬಂದ ಮೇಲಂತೂ ಈ ಸರಕು ಇನ್ನೂ ಅಗ್ಗವಾಗಿದೆ. ದುಡ್ಡು ಕೊಡುವ ಸದಸ್ಯರಿಗೆ ಪ್ರೊಫೈಲ್‌ನಲ್ಲಿ ತಮ್ಮ ಬಗ್ಗೆ ಬರೆಯೋಕೆ ಎಐ ಸಹಾಯವನ್ನು ಲಿಂಕ್ಡ್‌ಇನ್ 2023ರಲ್ಲಿ ತಾನೇ ತಂದಿತು. ನುಣುಪಾದ ವಾಕ್ಯ ಈಗ ಯಾರಿಗೂ ಕಷ್ಟವಲ್ಲ. ಹಾಗಾದರೆ ಕಷ್ಟ ಯಾವುದು? ಕೈ ಮಸಿ ಮಾಡಿಕೊಂಡವರಿಗೆ ಮಾತ್ರ ಗೊತ್ತಿರುವ ವಿವರ.

ಅಣ್ಣನ ಹೆಡ್‌ಲೈನ್

ನನ್ನ ದೊಡ್ಡಪ್ಪನ ಮಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತಾನೆ. ಸಿಎನ್‌ಸಿ ಮೆಷಿನ್ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಯಂತ್ರ) ಕೆಟ್ಟರೆ ರಾತ್ರಿ ಎರಡು ಗಂಟೆಗೂ ಅವನಿಗೇ ಫೋನ್. ಕೆಲಸ ಬದಲಿಸೋ ಯೋಚನೆ ಬಂದಾಗ, "ಏ, ನೀನು ಬರೆಯೋನಲ್ವಾ, ಇದೊಂದು ಸರಿ ಮಾಡಿಕೊಡೋ" ಅಂತ ಪ್ರೊಫೈಲ್ ತೋರಿಸಿದ. ಹೆಸರಿನ ಕೆಳಗೆ ಹೀಗಿತ್ತು: "ಡೈನಾಮಿಕ್ ಎಂಜಿನಿಯರ್, ಟೀಮ್ ಪ್ಲೇಯರ್, ಸಕ್ಸಸ್ ಕಡೆಗೆ ಪಯಣ". ಫೋಟೋ ಯಾರದೋ ಮದುವೆಯಲ್ಲಿ ತೆಗೆದಿದ್ದು. ಪಕ್ಕದಲ್ಲಿ ಇನ್ಯಾರದೋ ಭುಜ, ರೇಷ್ಮೆ ಶಲ್ಯದ ಸಮೇತ.

ಹೆಸರಿನ ಕೆಳಗಿನ ಆ ಸಾಲಿಗೆ ಹೆಡ್‌ಲೈನ್ ಅಂತಾರೆ. 220 ಅಕ್ಷರ ಹಿಡಿಯುತ್ತದೆ. ಪ್ರೊಫೈಲ್‌ನಲ್ಲಿ ಅತಿ ಜಾಸ್ತಿ ಕೆಲಸ ಮಾಡುವ ಜಾಗ ಅದು. ಯಾಕೆಂದರೆ ಅದು ಪ್ರೊಫೈಲ್‌ನಲ್ಲಿ ಮಾತ್ರ ಇರುವುದಿಲ್ಲ. ನೀವು ಯಾರದಾದರೂ ಪೋಸ್ಟಿಗೆ ಕಾಮೆಂಟ್ ಹಾಕಿದರೆ ಹೆಸರಿನ ಜೊತೆ ಬರುತ್ತದೆ. ಕನೆಕ್ಷನ್ ಕೇಳಿದರೆ ಬರುತ್ತದೆ. ಕೆಲಸಕ್ಕೆ ಜನ ಹುಡುಕುವವರ ಪಟ್ಟಿಯಲ್ಲೂ ಫೋಟೋ, ಹೆಸರು, ಈ ಸಾಲು, ಊರು, ಇಷ್ಟೇ ಮೊದಲು ಕಾಣುವುದು. ಅದಕ್ಕೂ ಮುಂಚೆ ಆ ಪಟ್ಟಿಯೊಳಗೆ ಬರಬೇಕಲ್ಲ? ರಿಕ್ರೂಟರ್ ಹುಡುಕಾಟದ ಪೆಟ್ಟಿಗೆಯಲ್ಲಿ "ಸಕ್ಸಸ್ ಕಡೆಗೆ ಪಯಣ" ಅಂತ ಯಾವತ್ತೂ ಟೈಪ್ ಮಾಡಲ್ಲ. "ಸಿಎನ್‌ಸಿ ಮೆಂಟೆನೆನ್ಸ್, ಬೆಂಗಳೂರು" ಅಂತ ಮಾಡುತ್ತಾರೆ.

ಹಾಗಾಗಿ ಬದಲಿಸಿದೆವು. "ಸಿಎನ್‌ಸಿ ಮೆಷಿನ್ ಮೆಂಟೆನೆನ್ಸ್, ಬೆಂಗಳೂರು. 11 ವರ್ಷದಿಂದ ಲೇತ್ ಮತ್ತು ಮಿಲ್ಲಿಂಗ್ ಮೆಷಿನ್‌ಗಳ ಸ್ಪಿಂಡಲ್, ಸರ್ವೋ, ಬಾಲ್ ಸ್ಕ್ರೂ ರಿಪೇರಿ." ಇಂಗ್ಲಿಷಿನಲ್ಲೇ ಹಾಕಿದ್ದು. ಹುಡುಕುವವರು ಇಂಗ್ಲಿಷಿನಲ್ಲಿ ಹುಡುಕುತ್ತಾರೆ, ಅದರಲ್ಲಿ ಹಟ ಮಾಡಿ ಲಾಭವಿಲ್ಲ. "ಇಷ್ಟೇನಾ? ಏನೋ ಸಪ್ಪೆ ಅನ್ಸುತ್ತಪ್ಪಾ" ಅಂದ ಅಣ್ಣ. ಸಪ್ಪೆ ಹೌದು. ಆದರೆ ಸ್ಪಿಂಡಲ್ ಕೆಟ್ಟು ಕೂತ ಕಾರ್ಖಾನೆ ಮಾಲೀಕರಿಗೆ ಆ ಸಾಲು ಹೋಳಿಗೆಯಂತೆ ಕಾಣುತ್ತದೆ.

ಶಲ್ಯದ ಫೋಟೋ ಮಾತ್ರ ಬದಲಿಸೋಕೆ ಒಪ್ಪಲಿಲ್ಲ. "ನಾನು ಅದರಲ್ಲಿ ಚೆನ್ನಾಗಿ ಬಂದಿದೀನಿ."

ಒಂದು ಪೋಸ್ಟ್, ಹತ್ತಿರದಿಂದ

ಪ್ರೊಫೈಲ್ ಅಂದರೆ ಬೋರ್ಡ್. ಸಾರು ಬಡಿಸುವುದು ಪೋಸ್ಟಿನಲ್ಲಿ. ಅಣ್ಣನಿಗೆ ಏನು ಬರೆಯೋದು ಅಂತಲೇ ಗೊತ್ತಿರಲಿಲ್ಲ. "ನಮ್ಮ ಕೆಲಸದಲ್ಲಿ ಬರೆಯೋಂಥದ್ದು ಏನಿದೆ" ಅಂದ. ಹಾಗಾದರೆ ಈಚೆಗೆ ತಲೆ ಕೆಡಿಸಿದ್ದು ಯಾವುದು ಅಂತ ಕೇಳಿದೆ. ಒಂದೇ ಉಸಿರಿಗೆ ಹೇಳಿದ.

ಒಂದು ಲೇತ್‌ನಲ್ಲಿ, ಅಂದರೆ ಲೋಹ ತಿರುಗಿಸಿ ಕಡೆಯುವ ಮೆಷಿನ್‌ನಲ್ಲಿ, ಬೆಳಗ್ಗೆ ಶಿಫ್ಟ್‌ನ ಮೊದಲ ಕೆಲವು ಜಾಬ್‌ಗಳು (ಕಡೆದ ಬಿಡಿಭಾಗಗಳಿಗೆ ಅಲ್ಲಿ ಹಾಗಂತಾರೆ) ರಿಜೆಕ್ಟ್ ಆಗುತ್ತಿದ್ದವು. ಅಳತೆ ಹದಿನೈದು ಇಪ್ಪತ್ತು ಮೈಕ್ರಾನ್ ಆಚೀಚೆ. ತಲೆಕೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಇರುತ್ತದೆ, ಅದರ ಕಾಲು ಭಾಗ ಅಂದುಕೊಳ್ಳಿ. ಹತ್ತು ಗಂಟೆ ಹೊತ್ತಿಗೆ ತನ್ನಷ್ಟಕ್ಕೆ ಸರಿಯಾಗುತ್ತಿತ್ತು. ಎಲ್ಲರೂ ಬೆಳಗಿನ ಆಪರೇಟರ್ ಹುಡುಗನನ್ನು ಬೈದರು. ಅಣ್ಣ ಬೇರಿಂಗ್ ಹೋಗಿದೆ ಅಂತ ತೀರ್ಮಾನಿಸಿ ಬದಲಿಸಿದ. ಮಾರನೇ ಬೆಳಗ್ಗೆ ಮತ್ತೆ ಅದೇ ಕಥೆ. ಕೊನೆಗೆ ಹೊಳೆದದ್ದು ಇಷ್ಟು: ರಾತ್ರಿ ಶಿಫ್ಟ್ ನಿಲ್ಲಿಸಿದ ಮೇಲೆ ಮೆಷಿನ್ ತಣ್ಣಗಾಗುತ್ತಿದೆ. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಹನ್ನೊಂದು ಹನ್ನೆರಡು ಮೈಕ್ರಾನ್ ಬೆಳೆಯುತ್ತದೆ. ಮೆಷಿನ್‌ನ ತಿರುಗುವ ಭಾಗಗಳಾದ ಸ್ಪಿಂಡಲ್, ಬಾಲ್ ಸ್ಕ್ರೂ ಕಾದು ತಮ್ಮ ಅಳತೆಗೆ ಬರೋತನಕ ಜಾಬ್ ಅಳತೆಗೆ ಬರಲ್ಲ. ಬೆಳಗ್ಗೆ ಇಪ್ಪತ್ತು ನಿಮಿಷ ಖಾಲಿ ಓಡಿಸುವ ವಾರ್ಮ್‌ಅಪ್ ಪ್ರೋಗ್ರಾಂ ಹಾಕಿದ ಮೇಲೆ ರಗಳೆ ನಿಂತಿತು.

"ಇದನ್ನೇ ಬರಿ" ಅಂದೆ. "ಬೇರಿಂಗ್ ಸುಮ್ನೆ ಬದಲಿಸಿದ್ದನ್ನ ಬಿಡೋಣ, ಮರ್ಯಾದೆ ಹೋಗುತ್ತೆ" ಅಂದ. ಅಲ್ಲೇ ನಮ್ಮಿಬ್ಬರಿಗೂ ಸ್ವಲ್ಪ ಜಗಳ ಆಯಿತು. ನನ್ನ ಪ್ರಕಾರ ಇಡೀ ಪೋಸ್ಟಿನ ಜೀವವೇ ಆ ತಪ್ಪು. ವಾರ್ಮ್‌ಅಪ್ ಮಾಡಬೇಕು ಅನ್ನೋದು ಮ್ಯಾನ್ಯುಯಲ್‌ನಲ್ಲೂ ಇರುತ್ತದೆ, ಎಐ ಕೂಡ ಬರೆದುಕೊಡುತ್ತದೆ. ಆದರೆ ಆಪರೇಟರ್‌ನನ್ನು ಬೈದದ್ದು, ಬೇರಿಂಗ್ ಬಿಚ್ಚಿದ್ದು, ಮಾರನೇ ಬೆಳಗ್ಗೆ ಗೇಜ್ ಹಿಡಿದು ಪೆಚ್ಚಾಗಿ ನಿಂತದ್ದು ಅಲ್ಲಿ ಇದ್ದವರಿಗೆ ಮಾತ್ರ ಗೊತ್ತು. ಅದೇ ಕಸುಬಿನವರು ಓದಿದ ಕೂಡಲೇ "ಇವನು ನಮ್ಮವನೇ" ಅಂತಾರೆ.

ಒಂದು ಎಚ್ಚರಿಕೆ ಮಾತ್ರ ಇಟ್ಟುಕೊಂಡೆವು. ಕಂಪನಿಯ ಗಿರಾಕಿ ಯಾರು, ಜಾಬ್ ಯಾವುದು, ಡ್ರಾಯಿಂಗ್, ಕಾರ್ಖಾನೆ ಒಳಗಿನ ಫೋಟೋ, ಯಾವುದನ್ನೂ ಹಾಕಲಿಲ್ಲ. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ಗುಟ್ಟು ಕಾಯುವ ಷರತ್ತು ಇರುತ್ತದೆ. ಅದೂ ಅಲ್ಲದೆ, ಈಗಿನ ಮಾಲೀಕರ ಗುಟ್ಟು ಬಿಟ್ಟುಕೊಟ್ಟವರನ್ನು ಮುಂದಿನ ಮಾಲೀಕರು ಹೇಗೆ ನಂಬುತ್ತಾರೆ?

ಸಾಲು ಒಡೆಯುವ ಕಲೆ

ಲಿಂಕ್ಡ್‌ಇನ್‌ನಲ್ಲಿ ಒಂದು ವಿಚಿತ್ರ ಶೈಲಿ ನೋಡಿರುತ್ತೀರಿ. "ನಿನ್ನೆ ನನ್ನನ್ನು ಕೆಲಸದಿಂದ ತೆಗೆದರು." ಒಂದು ಖಾಲಿ ಸಾಲು. "ನಾನು ನಕ್ಕೆ." ಇನ್ನೊಂದು ಖಾಲಿ ಸಾಲು. ಆಮೇಲೆ 'ಸೀ ಮೋರ್'. ಇದು ಸುಮ್ನೆ ಹುಟ್ಟಿದ್ದಲ್ಲ. ಪೋಸ್ಟ್ 3,000 ಅಕ್ಷರ ಇರಬಹುದು, ಆದರೆ ಫೀಡ್‌ನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಉಳಿದದ್ದಕ್ಕೆ ಓದುಗರು ಬೆರಳು ಒತ್ತಬೇಕು. ಅದಲ್ಲದೆ, ಜನ ಒಂದು ಪೋಸ್ಟಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ ಅನ್ನೋದನ್ನು ಫೀಡ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಅಂತ ಲಿಂಕ್ಡ್‌ಇನ್‌ನ ಎಂಜಿನಿಯರ್‌ಗಳೇ 2020ರಲ್ಲಿ ಬರೆದಿದ್ದರು. ನಿಂತರೆ ಪೋಸ್ಟ್ ಇನ್ನೂ ನಾಲ್ಕು ಜನರ ಮುಂದೆ ಹೋಗುತ್ತದೆ, ಜಾರಿಕೊಂಡು ಹೋದರೆ ಅಲ್ಲೇ ಸಾಯುತ್ತದೆ. ಹಾಗಾಗಿ ಎಲ್ಲರೂ ಧಾರಾವಾಹಿ ಥರ ಕುತೂಹಲ ಹುಟ್ಟಿಸೋಕೆ ಹೊರಡುತ್ತಾರೆ.

ಮೊದಲ ಸಾಲಿಗೆ ಗಮನ ಕೊಡಿ, ತಪ್ಪಿಲ್ಲ. ಅಣ್ಣನ ಪೋಸ್ಟ್ ಕೂಡ "ಬೆಳಗ್ಗೆ ಎಂಟಕ್ಕೆ ರಿಜೆಕ್ಟ್, ಹತ್ತಕ್ಕೆ ಓಕೆ. ಆಪರೇಟರ್ ಒಬ್ಬನೇ, ಮೆಷಿನ್ ಅದೇ" ಅಂತ ಶುರುವಾಯಿತು. ಕುತೂಹಲ ಇದೆ, ಆದರೆ ಅದು ಕೆಲಸದಿಂದಲೇ ಬಂದದ್ದು. ರಸ್ತೆ ಬದಿ ಅಜ್ಜಿಗೆ ನೀರು ಕೊಟ್ಟೆ, ಅಜ್ಜಿ ನನಗೆ ಲೀಡರ್‌ಶಿಪ್ ಕಲಿಸಿದಳು ಅನ್ನೋ ಥರದ ಕಥೆಗಳಿಗೆ ಲೈಕ್ ಬೀಳಬಹುದು. ಆದರೆ ಆ ಲೈಕ್ ಒತ್ತಿದವರಲ್ಲಿ ನಿಮ್ಮನ್ನು ಕೆಲಸಕ್ಕೆ ಕರೆಯುವವರು ಎಷ್ಟು ಜನ? ಹತ್ತು ಸಾವಿರ ಲೈಕ್‌ಗಿಂತ ಆ ಕಸುಬಿನ ಹತ್ತು ಜನ ತಲೆಯಾಡಿಸಿದರೆ ಹೆಸರು ಬೆಳೆಯುತ್ತದೆ. ಇನ್ನು ವಾಟ್ಸಾಪ್ ಗುಂಪು ಕಟ್ಟಿ ಒಬ್ಬರ ಪೋಸ್ಟಿಗೆ ಇನ್ನೊಬ್ಬರು ಲೈಕ್ ಒತ್ತುವ ದಂಧೆ ಇದೆಯಲ್ಲ, ಅದು ಲಿಂಕ್ಡ್‌ಇನ್ ನಿಯಮಕ್ಕೂ ವಿರುದ್ಧ, ನೋಡುವವರಿಗೂ ಗೊತ್ತಾಗುತ್ತದೆ. ಪ್ರತಿ ಪೋಸ್ಟಿನ ಕೆಳಗೂ ಅದೇ ಹನ್ನೆರಡು ಜನ "ಇನ್‌ಸೈಟ್‌ಫುಲ್" ಅಂದರೆ ಯಾರಿಗೆ ಅನುಮಾನ ಬರಲ್ಲ ಹೇಳಿ?

ದುಡ್ಡು ಇಸಕೊಂಡು ಯಾವುದಾದರೂ ಕೋರ್ಸೋ ಆ್ಯಪೋ ಹೊಗಳುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ 2021ರಲ್ಲೇ ಈ ನಿಯಮ ತಂದಿದೆ. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ ಸ್ಪಷ್ಟ ಸೂಚನೆ ಕೊಟ್ಟಿದೆ. ಜನರನ್ನು ದಾರಿ ತಪ್ಪಿಸುವ ಪ್ರಚಾರಕ್ಕೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶ ಇದೆ.

ದೂರದ ಪರಿಚಯವೇ ಹತ್ತಿರ

ಬರೆಯೋಕೆ ಆಗಲ್ಲಪ್ಪ ಅನ್ನುವವರಿಗೆ ಕಾಮೆಂಟ್ ಸುಲಭದ ದಾರಿ. ನಿಮ್ಮ ಕಸುಬಿನವರ ಪೋಸ್ಟಿಗೆ "ಕಂಗ್ರಾಟ್ಸ್ ಸರ್" ಬಿಟ್ಟು ಬೇರೇನಾದರೂ ಹೇಳಿ. "ನಮ್ಮಲ್ಲಿ ಇದೇ ತೊಂದರೆ ಬಂದಾಗ ಕೂಲಂಟ್ (ಕಡೆಯುವಾಗ ತಂಪು ಮಾಡುವ ದ್ರವ) ಬಿಸಿ ಕೂಡ ಕಾರಣ ಆಗಿತ್ತು, ನೀವು ಅದನ್ನು ನೋಡಿದ್ರಾ?" ಅಂತ ಒಂದು ಸಾಲು ಬರೆದರೆ, ಹತ್ತು ಅಪರಿಚಿತರು ನಿಮ್ಮ ಹೆಸರು ಮತ್ತು ಅದರ ಕೆಳಗಿನ ಹೆಡ್‌ಲೈನ್ ಓದುತ್ತಾರೆ.

ಅಪರಿಚಿತರು ಓದಿದರೆ ಏನು ಬಂತು ಅಂತೀರಾ? ಇಲ್ಲಿ ಮತ್ತೆ 1973ಕ್ಕೆ ಹೋಗಬೇಕು. ಅದೇ ವರ್ಷ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಇನ್ನೊಂದು ಪ್ರಬಂಧ ಪ್ರಕಟಿಸಿದರು. ಬಾಸ್ಟನ್ ಹತ್ತಿರದ ಒಂದು ಊರಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ಒಂದು ಸರಳ ಪ್ರಶ್ನೆ ಕೇಳಿದ್ದರು: ಆ ಪರಿಚಯದವರನ್ನು ನೀವು ಎಷ್ಟು ಸಲ ನೋಡುತ್ತಿದ್ದಿರಿ? ನೂರಕ್ಕೆ 17ರಷ್ಟು ಮಂದಿ ಮಾತ್ರ "ಆಗಾಗ" ಅಂದರು. ಸುಮಾರು 56 ಮಂದಿ "ಯಾವಾಗಲೋ ಒಮ್ಮೊಮ್ಮೆ", 28 ಮಂದಿ "ತೀರಾ ಅಪರೂಪ". ಯೋಚಿಸಿದರೆ ಸಹಜವೇ. ದಿನಾ ಟೀ ಕುಡಿಯುವ ಗೆಳೆಯರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ತರುವವರು ಬೇರೆ ಓಣಿಯವರು. ಗಂಡು ಹೆಣ್ಣು ಹುಡುಕುವಾಗಲೂ ಸಂಬಂಧ ತರುವುದು ಹೆಚ್ಚಾಗಿ ಚಿಕ್ಕಮ್ಮನ ನಾದಿನಿಯ ಕಡೆಯವರೇ ಅಲ್ವಾ?

ಸುಮಾರು ಐವತ್ತು ವರ್ಷ ಆದ ಮೇಲೆ, 2022ರಲ್ಲಿ, 'ಸೈನ್ಸ್' ಪತ್ರಿಕೆಯಲ್ಲಿ ಇದರ ಮುಂದುವರಿಕೆ ಬಂತು. ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರನ್ನು ಐದು ವರ್ಷ ಗಮನಿಸಿದ ಅಧ್ಯಯನ. 'ಇವರು ನಿಮಗೆ ಗೊತ್ತಿರಬಹುದು' ಅಂತ ತೋರಿಸುವ ಪಟ್ಟಿಯನ್ನು ಬೇರೆ ಬೇರೆಯವರಿಗೆ ಬೇರೆ ಬೇರೆ ಥರ ಬದಲಿಸಿ, ಯಾವ ಪರಿಚಯದಿಂದ ಕೆಲಸ ಬದಲಾಯಿತು ಅಂತ ನೋಡಿದರು. ತೀರಾ ಹತ್ತಿರದವರೂ ಅಲ್ಲ, ತೀರಾ ದೂರದವರೂ ಅಲ್ಲ, ನಡುವಿನ ಅಷ್ಟಿಷ್ಟು ಪರಿಚಯದವರಿಂದಲೇ ಜಾಸ್ತಿ ಪ್ರಯೋಜನ ಅಂತ ತಿಳಿಯಿತು. (ಬಳಕೆದಾರರಿಗೆ ಹೇಳದೇ ಅವರ ಮೇಲೆ ಪ್ರಯೋಗ ಮಾಡಿದ್ದು ಸರಿಯಾ ಅಂತ ಆಗ ಗಲಾಟೆಯೂ ಆಯಿತು. ನನಗೂ ಅದು ಸರಿ ಕಾಣಲಿಲ್ಲ.) ಹಾಗಾಗಿ ಸಿಕ್ಕಸಿಕ್ಕವರಿಗೆಲ್ಲ ರಿಕ್ವೆಸ್ಟ್ ಕಳಿಸಿ ಐದು ಸಾವಿರ ಕನೆಕ್ಷನ್ ಗುಡ್ಡೆ ಹಾಕಬೇಕಿಲ್ಲ. ಹಳೇ ಸಹೋದ್ಯೋಗಿ, ಒಂದೇ ಕೆಲಸದಲ್ಲಿ ಇರುವ ಬೇರೆ ಊರಿನವರು, ಎಲ್ಲೋ ಎಕ್ಸಿಬಿಷನ್‌ನಲ್ಲಿ ಮಾತಾಡಿಸಿದವರು ಸಾಕು. ರಿಕ್ವೆಸ್ಟ್ ಜೊತೆ ಯಾಕೆ ಕಳಿಸುತ್ತಿದ್ದೀರಿ ಅಂತ ಒಂದು ಸಾಲು ಬರೆದರೆ ಇನ್ನೂ ಒಳ್ಳೆಯದು.

ಬೇರೆಯವರ ಬಾಯಲ್ಲಿ

ನಮ್ಮಲ್ಲಿ ಬಹಳ ಜನಕ್ಕೆ ಕಷ್ಟವಾಗುವುದು ಬೇರೆಯೇ. ತುಂಬಿದ ಕೊಡ ತುಳುಕೋದಿಲ್ಲ ಅಂತ ಕೇಳಿಕೊಂಡೇ ಬೆಳೆದವರು ನಾವು. ನಮ್ಮ ಬಗ್ಗೆ ನಾವೇ ಹೇಳಿಕೊಳ್ಳೋದು ಅಂದರೆ ನಾಲಿಗೆ ಏಳಲ್ಲ. ಈ ಸಂಕೋಚ ಒಳ್ಳೆಯದೇ, ಬಿಡಬೇಡಿ. ನಿಮ್ಮ ಬಗ್ಗೆ ಬರೆಯಬೇಡಿ, ಕೆಲಸದ ಬಗ್ಗೆ ಬರೆಯಿರಿ. ಅಣ್ಣನ ಪೋಸ್ಟಿನಲ್ಲಿ ಅವನನ್ನು ಹೊಗಳಿದ ಒಂದೇ ಒಂದು ಪದ ಇಲ್ಲ, ಎಲ್ಲಾ ಲೇತ್‌ದೇ ಕಥೆ.

ಹೊಗಳೋ ಕೆಲಸ ಬೇರೆಯವರಿಗೆ ಬಿಡಿ. ಲಿಂಕ್ಡ್‌ಇನ್‌ನಲ್ಲಿ ಅದಕ್ಕೆ ಎರಡು ಜಾಗ ಇವೆ. 2012ರಲ್ಲಿ ಬಂದ 'ಎಂಡಾರ್ಸ್‌ಮೆಂಟ್' ಅಂದರೆ ನಿಮ್ಮ ಕೌಶಲದ ಮುಂದೆ ಒಂದು ಗುಂಡಿ ಒತ್ತೋದು. ನಿಮ್ಮ ಭಾವನೂ ಒತ್ತಬಹುದು, ಹಾಗಾಗಿ ಅದಕ್ಕೆ ಹೆಚ್ಚು ಬೆಲೆ ಇಲ್ಲ. 'ರೆಕಮೆಂಡೇಶನ್' ಹಾಗಲ್ಲ. ಒಬ್ಬರು ತಮ್ಮ ಹೆಸರು, ಹುದ್ದೆ ಹಾಕಿ ನಿಮ್ಮ ಬಗ್ಗೆ ಬರೆಯಬೇಕು. ಅವರ ಮರ್ಯಾದೆಯೂ ಅದರಲ್ಲಿ ಸೇರಿರುತ್ತದೆ. ಅದಕ್ಕೇ ಅದಕ್ಕೆ ತೂಕ. ಕೇಳುವಾಗ "ಏನಾದ್ರೂ ಒಳ್ಳೇದು ಬರೆಯಿರಿ ಸರ್" ಅನ್ನಬೇಡಿ. "ಆ ವರ್ಷ ಮಿಲ್ಲಿಂಗ್ ಮೆಷಿನ್ ಶಿಫ್ಟ್ ಮಾಡಿದಾಗ ನಾವಿಬ್ಬರೂ ಇದ್ದೆವಲ್ಲ, ಅದರ ಬಗ್ಗೆ ನಾಲ್ಕು ಸಾಲು ಬರೆಯಬಹುದಾ?" ಅಂದರೆ ಅವರಿಗೂ ಸುಲಭ, ಓದುವವರಿಗೂ ನಂಬಿಕೆ.

ಇನ್ನೊಂದು ನೀರಸ ವಿಷಯ, ಆದರೆ ಜನ ಎಡವುವುದು ಇಲ್ಲೇ. ತಾರೀಖು. ಪ್ರೊಫೈಲ್‌ನಲ್ಲಿ ಹಾಕಿದ ತಿಂಗಳು, ವರ್ಷ ನಿಮ್ಮ ರಿಲೀವಿಂಗ್ ಲೆಟರ್‌ಗೆ ಹೊಂದಬೇಕು. ಆಫರ್ ಕೊಟ್ಟ ಮೇಲೆ ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ, ಯುಎಎನ್ ಅನ್ನೋ ಪಿಎಫ್ ಖಾತೆ ನಂಬರ್ ಮೂಲಕ ಪಿಎಫ್ ದಾಖಲೆ ನೋಡುವುದೂ ಉಂಟು. ಎರಡು ತಿಂಗಳ ಖಾಲಿ ಜಾಗ ಮುಚ್ಚೋಕೆ ಹೋಗಿ ಆಫರ್ ಕಳಕೊಳ್ಳುವ ಬದಲು "ಅಪ್ಪನ ಆಪರೇಷನ್ ಇತ್ತು, ಮನೆಯಲ್ಲಿದ್ದೆ" ಅಂದರೆ ಯಾರೂ ತಪ್ಪು ತಿಳಿಯಲ್ಲ. ಆಧಾರ್ ಇರುವವರು ಸರ್ಕಾರದ ಡಿಜಿಲಾಕರ್ ಮೂಲಕ ಗುರುತು ದೃಢೀಕರಿಸಿಕೊಂಡರೆ ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಪಕ್ಕ ಒಂದು ಗುರುತು ಬರುತ್ತದೆ. ನಕಲಿ ಖಾತೆಗಳ ಕಾಲದಲ್ಲಿ ಅದು ಇದ್ದರೆ ಒಳ್ಳೆಯದೇ. ಆದರೆ ಅದು ನೀವು ನೀವೇ ಅಂತ ಹೇಳುತ್ತದೆ, ನಿಮಗೆ ಕೆಲಸ ಬರುತ್ತದೆ ಅಂತ ಹೇಳಲ್ಲ.

ಅಣ್ಣನ ಪೋಸ್ಟಿಗೆ ಬಂದ ಲೈಕ್ ಮೂವತ್ತು ಚಿಲ್ಲರೆ, ಅದರಲ್ಲಿ ಅರ್ಧ ನಮ್ಮ ನೆಂಟರದ್ದೇ. ಮೂರು ವಾರ ಬಿಟ್ಟು ಕೊಯಮತ್ತೂರಿನಿಂದ ಒಬ್ಬರು ಮೆಸೇಜ್ ಮಾಡಿದರು, ಅವರ ಲೇತ್‌ನಲ್ಲೂ ಬೆಳಗಿನ ರಗಳೆ ಇದೆಯಂತೆ. ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದರು, ಹರಕು ತಮಿಳು, ಹರಕು ಇಂಗ್ಲಿಷ್. ಕೆಲಸದ ಮಾತು ಇನ್ನೂ ಬಂದಿಲ್ಲ. ಆದರೆ ಅವರು ತಮಗೆ ಗೊತ್ತಿರುವ ಇನ್ನಿಬ್ಬರಿಗೆ ಅಣ್ಣನ ನಂಬರ್ ಕೊಟ್ಟಿದ್ದಾರೆ.

ಹೋದ ಭಾನುವಾರ ಅಣ್ಣ ಎರಡನೇ ಪೋಸ್ಟಿನ ಕರಡು ಕಳಿಸಿದ. ಕೂಲಂಟ್ ವಾಸನೆ ಬರೋದು ಯಾಕೆ, ಸೋಮವಾರವೇ ಜಾಸ್ತಿ ಯಾಕೆ ಅನ್ನೋದರ ಬಗ್ಗೆ. ವಿಷಯ ಚಿನ್ನದಂಥದ್ದು. ಶುರು ಮಾತ್ರ ಹೀಗಿತ್ತು: "ಇಂದಿನ ಸ್ಪರ್ಧಾತ್ಮಕ ಯುಗದಲ್ಲಿ ಯಶಸ್ಸಿನ ಹಾದಿ ಸುಲಭವಲ್ಲ." ಮೊದಲ ನಾಲ್ಕು ಸಾಲು ಹೊಡೆದುಹಾಕಿ ವಾಪಸ್ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು.

"ಲೋ, ಅದೇ ಸಾಲು ಚೆನ್ನಾಗಿತ್ತಲ್ಲೋ."